ತಂದೆಯವರ 15 ಪಿನ್ ಜಾಯ್‌ಸ್ಟಿಕ್ ಈಗಿನ ಲ್ಯಾಪ್‌ಟಾಪ್‌ಗೆ: ಜೋಡಿಸಿದವರು ಇದ್ದೀರಾ?

ಪ್ರಶ್ನೆ, ಹಾಸನದಿಂದ

ಅಟ್ಟ ಗುಡಿಸುವಾಗ ತಂದೆಯವರು 1998ರಲ್ಲಿ ಕೊಂಡಿದ್ದ ಜಾಯ್‌ಸ್ಟಿಕ್ ಸಿಕ್ಕಿತು. ಎರಡು ಗುಂಡಿ, ಬುಡದಲ್ಲಿ ಥ್ರಾಟಲ್ (ಎಂಜಿನ್ ವೇಗ ಹೆಚ್ಚು ಕಡಿಮೆ ಮಾಡುವ) ಚಕ್ರ, ತಂತಿಯ ತುದಿಗೆ 15 ಪಿನ್‌ಗಳ ಪ್ಲಗ್. ಅದೇ ಕೋಲು ಹಿಡಿದು ಫ್ಲೈಟ್‌ಗಿಯರ್ ಎಂಬ ವಿಮಾನ ಹಾರಾಟದ ಕಂಪ್ಯೂಟರ್ ಆಟದಲ್ಲಿ ಬೆಂಗಳೂರಿಗೆ ವಿಮಾನ ಇಳಿಸಬೇಕೆಂಬುದು ಅವರ ಆಸೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಮಾತ್ರ ಇದೆ. ಬೆಸುಗೆ ಹಾಕಲು ಬರುತ್ತದೆ, ಆರ್ಡುಯಿನೊದಲ್ಲಿ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್) ಎಲ್‌ಇಡಿ ಮಿನುಗಿಸಿದ್ದೇನೆ. ಅಡಾಪ್ಟರ್ ಮಾಡಿದವರು ಎಲ್ಲಿ ಎಡವಿದಿರಿ ಎಂದು ತಿಳಿಸಿ.

ಬೆಂಗಳೂರಿನಿಂದ

ಇಂಥ ಎರಡು ಅಡಾಪ್ಟರ್ ಮಾಡಿದ್ದೇನೆ. ಮೊದಲನೆಯದು ಒಂದು ತಿಂಗಳು ಸತಾಯಿಸಿತು, ಏಕೆಂದರೆ ಜಾಯ್‌ಸ್ಟಿಕ್ ತಾನಾಗಿ ವೋಲ್ಟೇಜ್ ಕಳಿಸುತ್ತದೆ ಎಂದುಕೊಂಡಿದ್ದೆ. ಕಳಿಸುವುದಿಲ್ಲ. ಒಳಗೆ ಒಂದೊಂದು ಅಕ್ಷಕ್ಕೆ ಒಂದೊಂದು ಪೊಟೆನ್ಷಿಯೊಮೀಟರ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಮೂರು ಕಾಲಿನ ಭಾಗ, ಇರುತ್ತದೆ. ಅದರ ಒಂದು ತುದಿ 5 ವೋಲ್ಟ್‌ಗೆ, ನಡುಗಾಲು ಪ್ಲಗ್‌ಗೆ. ಮೂರನೆಯ ಕಾಲಿನಿಂದ ಪ್ಲಗ್‌ಗೆ ತಂತಿಯೇ ಇಲ್ಲ. 1981ರಲ್ಲಿ ಐಬಿಎಂ ಪಿಸಿಗೆಂದು ಬಂದ ಗೇಮ್ ಕಾರ್ಡ್, ಆ ರೋಧದ ಮೂಲಕ ಒಂದು ಕೆಪಾಸಿಟರ್ ತುಂಬಲು ಎಷ್ಟು ಹೊತ್ತಾಯಿತೆಂದು ನೋಡುತ್ತಿತ್ತು. 100 ಕಿಲೋಓಮ್ ಇದ್ದರೆ ಸುಮಾರು 1.1 ಮಿಲಿಸೆಕೆಂಡ್. ಎಷ್ಟು ಕಡಿಮೆ ಸಾಮಾನಿನಲ್ಲಿ ಕೆಲಸ ಮುಗಿಸಿದ್ದಾರೆ ನೋಡಿ, ನನಗೆ ಇಂದಿಗೂ ಮೆಚ್ಚುಗೆ.

ಆರ್ಡುಯಿನೊಗೆ ಬೇಕಾದದ್ದು ವೋಲ್ಟೇಜ್. ಹಾಗಾಗಿ ಪ್ರತಿ ಅಕ್ಷದ ಪಿನ್‌ನಿಂದ ಗ್ರೌಂಡ್‌ಗೆ ಒಂದು 100 ಕಿಲೋಓಮ್ ರೆಸಿಸ್ಟರ್ ಹಾಕಿ, ಅದಕ್ಕೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಅಂಕಿಗಳ ನಡುಕ ಕಡಿಮೆಯಾಗುತ್ತದೆ. ಆರ್ಡುಯಿನೊ 0ಯಿಂದ 5 ವೋಲ್ಟ್‌ವರೆಗಿನದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಆದರೂ ಸಿಗುವ ಅಂಕಿ ಸಮವಾಗಿ ಇಳಿಯುವುದಿಲ್ಲ. ಎಡ ತುದಿಯಲ್ಲಿ 1023, ನಡುವೆ 682, ಬಲ ತುದಿಯಲ್ಲಿ 512. ಇದನ್ನೇ ಕಂಪ್ಯೂಟರಿಗೆ ಕೊಟ್ಟರೆ ವಿಮಾನ ಒಂದು ಕಡೆಗೆ ಚುರುಕು, ಇನ್ನೊಂದು ಕಡೆಗೆ ಮಂದ. ನಾನು ಮೊದಲು 10 ಕಿಲೋಓಮ್ ಹಾಕಿದ್ದೆ. ನಡುಭಾಗ 170ಕ್ಕೆ ಹೋಗಿ ಕುಳಿತಿತ್ತು. ಪ್ರೋಗ್ರಾಮಿನಲ್ಲಿ 1023ನ್ನು ಬಂದ ಅಂಕಿಯಿಂದ ಭಾಗಿಸಿ, ಒಂದು ಕಳೆದು, ನೂರರಿಂದ ಗುಣಿಸಿ. ಉತ್ತರ ನೇರವಾಗಿ ಕಿಲೋಓಮ್‌ನಲ್ಲಿ ಬರುತ್ತದೆ. 682 ಇದ್ದರೆ 50. ಭಾಗಾಕಾರಕ್ಕೆ ದಶಮಾಂಶದ ಚರಗಳನ್ನೇ ಬಳಸಿ. ಪೂರ್ಣಾಂಕದಲ್ಲಿ ಮಾಡಿದರೆ ಉತ್ತರ ಸೊನ್ನೆಯಾಗಿಬಿಡುತ್ತದೆ.

ಪಿನ್‌ಗಳು ಹೀಗೆ: 1ಕ್ಕೆ 5 ವೋಲ್ಟ್, 4 ಗ್ರೌಂಡ್, 3 ಮತ್ತು 6 ಕೋಲಿನ ಎರಡು ಅಕ್ಷಗಳು, 2 ಮತ್ತು 7 ಗುಂಡಿಗಳು. ಥ್ರಾಟಲ್ ಸಾಮಾನ್ಯವಾಗಿ 13ರಲ್ಲಿ ಸಿಗುತ್ತದೆ. ಗುಂಡಿ ಒತ್ತಿದಾಗ ಆ ಪಿನ್ ಗ್ರೌಂಡ್‌ಗೆ ಸೇರುವುದರಿಂದ ಬೋರ್ಡಿನ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿದ್ದಾಗ ಪಿನ್ ಅನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ರೆಸಿಸ್ಟರ್) ಸಾಕು. ಬೋರ್ಡ್ ಮಾತ್ರ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಆಗಿರಲಿ. ಅವುಗಳಲ್ಲಿರುವ ಎಟಿಮೆಗಾ 32ಯು4 ಚಿಪ್ ತಾನೇ ಯುಎಸ್‌ಬಿ ಜಾಯ್‌ಸ್ಟಿಕ್ ಎಂದು ಪರಿಚಯಿಸಿಕೊಳ್ಳುತ್ತದೆ, ಬೇರೆ ಡ್ರೈವರ್ ಬೇಡ. ಊನೊ ಆರ್3 ಮತ್ತು ಅದಕ್ಕಿಂತ ಹಳೆಯ ಊನೊ ಬೋರ್ಡುಗಳ ಮುಖ್ಯ ಚಿಪ್‌ಗೆ ಆ ಶಕ್ತಿ ಇಲ್ಲ.

ಎಸ್‌ಪಿ ರಸ್ತೆಯಲ್ಲಿ ಸಾಕೆಟ್ ಕೊಳ್ಳುವಾಗ ಬರಿದೇ "15 ಪಿನ್" ಎನ್ನಬೇಡಿ. ನನ್ನ ಕೈಗೆ ಮಾನಿಟರಿನ ಮೂರು ಸಾಲಿನ ವಿಜಿಎ ಸಾಕೆಟ್ ಬಂತು, ಮನೆಗೆ ಬಂದು ಬಿಚ್ಚಿದಾಗಲೇ ತಿಳಿದದ್ದು. ಎಂಟು ಮತ್ತು ಏಳು ತೂತುಗಳ ಎರಡು ಸಾಲಿನ ಫೀಮೇಲ್ ಸಾಕೆಟ್ ಎಂದು ಬಿಡಿಸಿ ಕೇಳಿ. ಪ್ಲಗ್ಗನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಉತ್ತಮ.

ಧಾರವಾಡದಿಂದ

9 ಪಿನ್ ಕೋಲು ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಅಟಾರಿ 2600 ಎಂಬ ಹಳೆಯ ಟಿವಿ ಗೇಮ್ ಯಂತ್ರದ ಕೋಲು ಬಹಳ ಸರಳ: 1ರಿಂದ 4 ಮೇಲೆ, ಕೆಳಗೆ, ಎಡ, ಬಲ, 6 ಗುಂಡಿ, 8 ಗ್ರೌಂಡ್. ಐದು ಸ್ವಿಚ್, ಬೇರೇನೂ ಇಲ್ಲ. ಆದರೆ ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಮಾರಾಟವಾದ ಟಿವಿ ವಿಡಿಯೋ ಗೇಮ್‌ಗಳ ಕಂಟ್ರೋಲರ್‌ಗಳಲ್ಲಿ ಎಷ್ಟೋ ಇದೇ ಆಕಾರದ ಪ್ಲಗ್ ಹೊತ್ತಿದ್ದರೂ ಒಳಗೆ ಗುಂಡಿಗಳನ್ನು ಒಂದೊಂದಾಗಿ ಸಾಲಿನಲ್ಲಿ ಕಳಿಸುವ ಚಿಪ್ ಇಟ್ಟುಕೊಂಡಿರುತ್ತವೆ. ಪ್ಲಗ್ ಕೂರುತ್ತದೆಂದು ವಿದ್ಯುತ್ ಕೊಡಬೇಡಿ. ಮುಚ್ಚಳ ತೆಗೆದು, ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಮಲ್ಟಿಮೀಟರ್‌ನಿಂದ ಹಿಡಿದು ಬರೆದುಕೊಳ್ಳಿ. ನಾನು ಹಾಗೆ ಮಾಡದೆ ತಮ್ಮನ ಕಂಟ್ರೋಲರ್ ಒಂದನ್ನು ಸುಟ್ಟುಕೊಂಡೆ. ಈಗ ಅಂಥದ್ದು ಹುಡುಕಿದರೂ ಸಿಗುತ್ತಿಲ್ಲ.

ಮೈಸೂರಿನಿಂದ

ನಾನು ಬಳಸಿದ್ದು ರಾಸ್ಪ್‌ಬೆರಿ ಪೈ ಪಿಕೊ, ಆರ್ಡುಯಿನೊದಂಥದೇ ಪುಟ್ಟ ಬೋರ್ಡ್. ಅದರ ಪಿನ್‌ಗಳು 3.3 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ. ನಿಮ್ಮಂಥ ಸಾದಾ ಜಾಯ್‌ಸ್ಟಿಕ್‌ನಲ್ಲಿ ಪೊಟೆನ್ಷಿಯೊಮೀಟರ್ ಮಾತ್ರ ಇರುವುದರಿಂದ 5ರ ಬದಲು 3.3 ಕೊಟ್ಟರೂ ನಡೆಯುತ್ತದೆ. ಒಳಗೆ ಆಟೋಫೈರ್ (ಗುಂಡಿ ಹಿಡಿದರೆ ತಾನೇ ಮತ್ತೆ ಮತ್ತೆ ಒತ್ತಿದಂತೆ ಮಾಡುವ) ಸರ್ಕ್ಯೂಟ್ ಇದ್ದರೆ ನಡೆಯದೆ ಹೋಗಬಹುದು.

ಹಾಸನದಿಂದ ಮತ್ತೆ

ಎಲ್ಲರಿಗೂ ವಂದನೆಗಳು. ಬೆಸುಗೆಗೆ ಮೊದಲು ಅಳೆದು ನೋಡಿದೆ. 1 ಮತ್ತು 3ರ ನಡುವೆ ಕೋಲು ಎಡದಿಂದ ಬಲಕ್ಕೆ ಹೋದಂತೆ 2ರಿಂದ 96 ಕಿಲೋಓಮ್‌ವರೆಗೆ ನಯವಾಗಿ ಏರುತ್ತದೆ. 1 ಮತ್ತು 6ರ ನಡುವೆ ಮಾತ್ರ ಕೋಲು ಮಧ್ಯಕ್ಕೆ ಬಂದಾಗ ಅಂಕಿ ಎಲ್ಲೆಲ್ಲಿಗೋ ಹಾರುತ್ತದೆ.

ಬೆಂಗಳೂರಿನಿಂದ ಮತ್ತೆ

ಅದು ಕಾರ್ಬನ್ ಪಟ್ಟಿಯ ಮೇಲೆ ಕುಳಿತ ಕೊಳೆ ಇರಬೇಕು. ಕೋಲು ಹೆಚ್ಚು ಹೊತ್ತು ಮಧ್ಯದಲ್ಲೇ ಇರುವುದರಿಂದ ಸವೆತವೂ ಅಲ್ಲೇ ಹೆಚ್ಚು. ಪೊಟೆನ್ಷಿಯೊಮೀಟರ್‌ನ ಕಾಲುಗಳ ಬಳಿಯ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಕೋಲನ್ನು ತುದಿಯಿಂದ ತುದಿಗೆ ಐವತ್ತು ಸಲ ಆಡಿಸಿ, ಒಣಗಿದ ಮೇಲೆ ಮತ್ತೆ ಅಳೆಯಿರಿ. ಆಗಲೂ ಹಾರಿದರೆ ಅದರ ಬೆನ್ನ ಮೇಲೆ ಬರೆದಿರುವ ಮೌಲ್ಯದ್ದನ್ನೇ, ದಂಡದ ಉದ್ದವನ್ನೂ ಹೊಂದಿಸಿಕೊಂಡು ತನ್ನಿ. ಬಿಚ್ಚುವ ಮೊದಲು ಸ್ಪ್ರಿಂಗ್‌ಗಳ ಫೋಟೋ ತೆಗೆದಿಡಿ.