ಹೊಳೆ ಇಲ್ಲದ ಊರಿನವರು ಹಡಗು ಹತ್ತಿದರೆ

ಕೋಲಾರದವರು ಹಡಗು ಹತ್ತಿದರು ಅಂದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಪಾಲಾರ್ ನದಿ ಇದೆ, ನಕ್ಷೆಯಲ್ಲಿ. ಹೋಗಿ ನೋಡಿದರೆ ಮರಳು. ಅದನ್ನೂ ಲಾರಿಯವರು ಪೂರ್ತಿ ಬಿಟ್ಟಿಲ್ಲ. ಇಂಥ ಊರಿನ ಶ್ರೀಕಂಠಣ್ಣ ಮತ್ತು ಸರೋಜಕ್ಕ ಏಪ್ರಿಲ್‌ನಲ್ಲಿ ಮಾರಿಷಸ್‌ನಲ್ಲಿ ಹಡಗು ಹತ್ತಿ, ಡರ್ಬನ್, ಕೇಪ್‌ಟೌನ್, ನಮೀಬಿಯಾದ ವಾಲ್ವಿಸ್ ಬೇ ಮುಟ್ಟಿ, ತಿರುಗಿ ಕೇಪ್‌ಟೌನ್‌ನಲ್ಲಿ ಇಳಿದು, ಅಲ್ಲಿಂದ ವಿಮಾನ, ವ್ಯಾನು, ಜೀಪು ಅಂತ ಸುತ್ತಿ ಬಂದಿದ್ದಾರೆ. ಕತೆ ಕೇಳೋಣ ಅಂತ ಭಾನುವಾರ ಅವರ ಮನೆಗೆ ಹೋದೆವು. ನಾನು, ಮೇಷ್ಟ್ರು, ಟೊಮೆಟೊ ಮಂಡಿಯ ನಾಗಣ್ಣ, ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದ್ದ ಸೆಲ್ವ.

"ಅಕ್ಕ, ಹಡಗಿನಲ್ಲಿ ಸ್ನಾನಕ್ಕೆ ಎಷ್ಟು ಬಿಂದಿಗೆ ನೀರು ಕೊಡುತ್ತಾರೆ?" ನಾಗಣ್ಣನ ಮೊದಲ ಪ್ರಶ್ನೆ ಇದು. ಸಿಂಹ, ಆನೆ ಎಲ್ಲ ಆಮೇಲೆ.

"ಬಿಂದಿಗೆ ಯಾಕೆ ನಾಗಣ್ಣ? ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು. ಬಿಸಿನೀರು ಬೇರೆ."

"ಅಷ್ಟು ಟ್ಯಾಂಕರ್ ಎಲ್ಲಿಂದ ಬರುತ್ತವೆ?"

ಶ್ರೀಕಂಠಣ್ಣ ಗಂಟಲು ಸರಿಮಾಡಿಕೊಂಡರು. "ಸಮುದ್ರದ ನೀರನ್ನೇ ಹಡಗಿನೊಳಗೆ ಸಿಹಿ ಮಾಡುತ್ತಾರೆ. ಕಾಯಿಸಿ ಆವಿ ಹಿಡಿಯುವುದು ಒಂದು ದಾರಿ. ಒತ್ತಡ ಹಾಕಿ ಪೊರೆಯಲ್ಲಿ ಸೋಸುವುದು ಇನ್ನೊಂದು. ನಮ್ಮ ಹಳ್ಳಿಗಳ ಆರ್‌ಒ ಘಟಕದ ಲೆಕ್ಕವೇ."

"ಕಾಯಿನ್ ಹಾಕಬೇಕಾ?"

"ಕಾಯಿನ್ ಮೊದಲೇ ಹಾಕಿಸಿಕೊಂಡಿರುತ್ತಾರೆ. ಲಕ್ಷಗಳಲ್ಲಿ."

ಇಷ್ಟೆಲ್ಲ ಗೊತ್ತಿದ್ದೂ ಮೊದಲ ರಾತ್ರಿ ಸರೋಜಕ್ಕ ಕೋಣೆಯಲ್ಲಿದ್ದ ಬಾಟಲಿ, ಕೆಟಲು, ಲೋಟ ಎಲ್ಲದರಲ್ಲೂ ನೀರು ತುಂಬಿಸಿಟ್ಟರಂತೆ. ಬೆಳಿಗ್ಗೆ ಕೋಣೆ ಗುಡಿಸಲು ಬಂದ ಹುಡುಗ ಗಾಬರಿಯಾದ. "ನಾಳೆ ಬರುತ್ತೋ ಇಲ್ವೋ ಅಂತ ತುಂಬಿಸಿದೆ, ತಪ್ಪೇನು?" ಅಂತ ಅಕ್ಕ ನಮ್ಮನ್ನೇ ಕೇಳಿದರು. ತಪ್ಪು ಅನ್ನಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ನಮ್ಮ ಮನೆಯಲ್ಲೂ ಅದೇ ತಾನೇ?

ಡರ್ಬನ್ ವಿಷಯಕ್ಕೆ ಸೆಲ್ವ ಮುಂದೆ ಬಂದು ಕೂತ. 1860ರಲ್ಲಿ ಮದ್ರಾಸಿನಿಂದ 'ಟ್ರೂರೋ' ಅನ್ನುವ ಹಡಗಿನಲ್ಲಿ ನಮ್ಮ ಕಡೆಯ ಕೂಲಿಗಳು ಅಲ್ಲಿಯ ಕಬ್ಬಿನ ತೋಟಗಳಿಗೆ ಹೋದರು. "ಅದೇ ಸೀಮೆಯ ಜನ," ಅಂದ ಸೆಲ್ವ. "ಕೆಲವರು ಹಡಗು ಹತ್ತಿದರು. ನಮ್ಮ ತಾತ ರೈಲು ಹತ್ತಿ ಕೆಜಿಎಫ್‌ಗೆ ಬಂದ. ಹಡಗು ಹತ್ತಿದ್ದಿದ್ದರೆ ನಾನು ಈಗ ಡರ್ಬನ್‌ನಲ್ಲಿ ಕೂತು ಬನ್ನಿ ಚೌ ತಿನ್ನುತ್ತಿದ್ದೆ."

"ಮೊಲ ತಿನ್ನುತ್ತಾರಾ?" ಮೇಷ್ಟ್ರು ಮುಖ ಕಿವುಚಿದರು.

"ಮೊಲ ಅಲ್ಲ ಮೇಷ್ಟ್ರೇ. ಬ್ರೆಡ್ಡಿನ ಹೊಟ್ಟೆ ತೆಗೆದು ಒಳಗೆ ಸಾರು ತುಂಬಿಸುತ್ತಾರೆ. ಬೀನ್ಸ್ ಕಾಳಿನದ್ದೂ ಸಿಗುತ್ತದೆ. ಕೈಯಲ್ಲೇ ತಿನ್ನಬೇಕು," ಅಂದರು ಅಕ್ಕ. "ಪೂರ್ತಿ ತಿನ್ನಲು ಇವರು ಬಿಡಲಿಲ್ಲ. ಗಡಿಯಾರ, ಗಡಿಯಾರ!"

ಶ್ರೀಕಂಠಣ್ಣನ ಗಡಿಯಾರದ ಭಯಕ್ಕೆ ಕಾರಣ ಇತ್ತು. ಹಡಗು ಹೊರಡುವ ಹೊತ್ತಿಗೆ ಮುಂಚೆಯೇ ಎಲ್ಲರೂ ಒಳಗಿರಬೇಕು. ಹಡಗಿನವರೇ ಕರೆದುಕೊಂಡು ಹೋದ ಬಸ್ಸು ತಡವಾದರೆ ಕಾಯುತ್ತಾರೆ. ನೀವಾಗಿ ಟ್ಯಾಕ್ಸಿ ಮಾಡಿ ಹೋದರೆ ಹೊರಟೇ ಬಿಡುತ್ತಾರೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಬನ್ನಿ.

"ಕೆಎಸ್‌ಆರ್‌ಟಿಸಿ ಬಸ್ಸಿಗೆ ಓಡಿಹೋಗಿ ಹಿಂದೆ ಬಡಿದ ಹಾಗೆ ಬಡಿದರೆ?" ನಾಗಣ್ಣ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.

ಡರ್ಬನ್ ಬಿಟ್ಟ ಮೇಲೆ ಹಡಗು ಓಲಾಡಿತಂತೆ. ಅಲ್ಲಿ ದಂಡೆ ಪಕ್ಕದಲ್ಲೇ ಅಗುಲ್ಹಾಸ್ ಅನ್ನುವ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಎದುರಿಂದ ನೈಋತ್ಯದ ಗಾಳಿ ಬಂದರೆ ಅಲೆಗಳು ಏಳುತ್ತವೆ. 1488ರಲ್ಲಿ ಅಲ್ಲಿ ಬಳಸಿ ಹೋದ ಪೋರ್ಚುಗೀಸ್ ನಾವಿಕ ಬಾರ್ಟೊಲೊಮ್ಯು ಡಯಾಸ್‌ಗೂ ಬಿರುಗಾಳಿ ಹೊಡೆದಿತ್ತು ಅಂತ ಮೇಷ್ಟ್ರು ಪಾಠ ಶುರು ಮಾಡಿದರು. ಅವನಿಗೆ ಉಪ್ಪಿನ ನಿಂಬೆಕಾಯಿ ಇರಲಿಲ್ಲ, ನನಗಿತ್ತು ಅಂತ ಅಕ್ಕ ಪಾಠ ಮುಗಿಸಿದರು.

ಕತೆ ಕೇಪ್‌ಟೌನ್‌ಗೆ ಬಂತು. ಟೇಬಲ್ ಮೌಂಟನ್ ಎತ್ತರ 1,086 ಮೀಟರ್ ಅಂದಿದ್ದೇ ತಡ, ಮೇಷ್ಟ್ರಿಗೆ ಹುರುಪು ಬಂತು. "ನಮ್ಮ ನಂದಿಬೆಟ್ಟ 1,478! ಅಷ್ಟೇ ಯಾಕೆ, ಈ ಜಗಲಿಯೇ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಮೇಲಿದೆ. ಕೂತಲ್ಲೇ ಮುಕ್ಕಾಲು ಬೆಟ್ಟ ಹತ್ತಿದ ಹಾಗೆ." ಅಲ್ಲಿ ಸಮುದ್ರದ ಪಕ್ಕದಿಂದಲೇ ಎದ್ದು ನಿಲ್ಲುತ್ತದೆ, ನೋಡಿದರೆ ಎದೆ ಝಲ್ಲೆನ್ನುತ್ತದೆ ಅಂತ ಅಕ್ಕ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ನಾಗಣ್ಣನಿಗೆ ಬೆಟ್ಟ ಬೇಡ. "ಆ ಊರಲ್ಲಿ ನೀರೇ ಮುಗಿದು ಹೋಗಿತ್ತಂತಲ್ಲ?"

"2018ರಲ್ಲಿ," ಅಂದರು ಶ್ರೀಕಂಠಣ್ಣ. "ಮೂರು ವರ್ಷ ಬರ. ಅಣೆಕಟ್ಟು ತಳ ಕಂಡವು. ನಲ್ಲಿ ನಿಲ್ಲಿಸುವ ದಿನಕ್ಕೆ 'ಡೇ ಜೀರೊ' ಅಂತ ಹೆಸರಿಟ್ಟರು. ಒಬ್ಬರಿಗೆ ದಿನಕ್ಕೆ 50 ಲೀಟರ್ ಮಾತ್ರ ಅಂತ ಕಟ್ಟುನಿಟ್ಟು. ಜನ ಉಳಿಸಿದರು, ಆಮೇಲೆ ಮಳೆ ಬಂತು, ಆ ದಿನ ಬರಲೇ ಇಲ್ಲ."

"50 ಲೀಟರ್? ದಿನಾ?" ನಾಗಣ್ಣ ಲೋಟ ಕೆಳಗಿಟ್ಟ. "ಅದಕ್ಕೆ ಬರ ಅಂತಾರಾ!"

ವಾಲ್ವಿಸ್ ಬೇ ಕತೆ ನನಗೆ ಇಷ್ಟವಾಯಿತು. ವರ್ಷಕ್ಕೆ 20 ಮಿಲಿಮೀಟರ್ ಮಳೆಯೂ ಇಲ್ಲದ ಮರಳುಗಾಡು ಅದು. ಸಮುದ್ರದಿಂದ ಮಂಜು ಬರುತ್ತದೆ, ಅಷ್ಟೇ. ಅಲ್ಲಿಯ ಒಂದು ಜೀರುಂಡೆ ಬೆಳಗಿನ ಜಾವ ಮರಳುದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಮಾಡಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಜಾರಿ ಬಾಯಿಗೆ ಬರುತ್ತದೆ. ನಮಗೆ 700 ಮಿಲಿಮೀಟರಿನ ಆಚೀಚೆ ಬೀಳುತ್ತದೆ. ಆದರೂ ಜೀರುಂಡೆಯಷ್ಟು ನಾಜೂಕಾಗಿ ನಾವು ಹಿಡಿದಿಲ್ಲ. ಕೆರೆ ಒತ್ತುವರಿ ಮಾಡಿದವರ ಹೆಸರು ಎತ್ತಲು ಹೋದೆ. ಮೇಷ್ಟ್ರು ಕಣ್ಣುಸನ್ನೆ ಮಾಡಿ ಸುಮ್ಮನಾಗಿಸಿದರು.

ಇಲ್ಲಿ ಒಂದು ಕೆಲಸದ ಮಾತು. ದಕ್ಷಿಣ ಆಫ್ರಿಕಾದಿಂದ ನಮೀಬಿಯಾಕ್ಕೋ ಜಿಂಬಾಬ್ವೆಗೋ ಹೋಗಿ ತಿರುಗಿ ಬರುವವರು ಹಲವು ಸಲ ಒಳಬರಬಹುದಾದ ವೀಸಾ ಮಾಡಿಸಿಕೊಳ್ಳಬೇಕು. ಒಂದೇ ಸಲದ್ದಾದರೆ ಹೊರಗೆ ಹೋದವರು ಹೊರಗೇ. ಇವರ ಮಗ ಮೊದಲೇ ನೋಡಿ ಸರಿ ಮಾಡಿಸಿದ್ದ.

ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತ ಏಪ್ರಿಲ್‌ನಲ್ಲಿ ತುಂಬಿ ಸುರಿಯುತ್ತದೆ. ಎಷ್ಟು ಅಂದರೆ ಜಲಪಾತವೇ ಸರಿಯಾಗಿ ಕಾಣುವುದಿಲ್ಲ, ಬರೀ ತುಂತುರು. ರೇನ್‌ಕೋಟ್ ಹಾಕಿಕೊಂಡೇ ನೋಡಬೇಕು. ಅಗಲ 1.7 ಕಿಲೋಮೀಟರ್, ಎತ್ತರ 108 ಮೀಟರ್.

ನಾಗಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. "108 ಮೀಟರ್ ಅಂದರೆ ಮುನ್ನೂರೈವತ್ತು ಅಡಿ. ನನ್ನ ಬೋರ್‌ವೆಲ್ 1,500 ಅಡಿ. ಅಲ್ಲಿ ನೀರು ಬೀಳುವ ದೂರದ ನಾಲ್ಕು ಪಟ್ಟಿಗೂ ಜಾಸ್ತಿ ನಾನು ಮೇಲಕ್ಕೆ ಎತ್ತುತ್ತಿದ್ದೇನೆ. ನನ್ನನ್ನು ನೋಡಲು ಯಾರು ಬರುತ್ತಾರೆ?"

"ನೀವು ಅಲ್ಲಿ ಏನು ಅಂದುಕೊಂಡಿರಿ ಅಕ್ಕ?" ಅಂತ ನಾನು ಕೇಳಿದೆ.

"ಏನಂದುಕೊಳ್ಳಲಿ? ಹೊಟ್ಟೆ ಉರಿಯಿತು."

ಜೋಹಾನ್ಸ್‌ಬರ್ಗ್‌ನಲ್ಲಿ ಸೆಲ್ವನಿಗೆ ಸೋಲು ಕಾದಿತ್ತು. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಅಂತ ಎದೆ ಉಬ್ಬಿಸಿದ. ಆ ಊರಿನ ಹತ್ತಿರದ ಎಂಪೊನೆಂಗ್ ಚಿನ್ನದ ಗಣಿ ಸುಮಾರು ನಾಲ್ಕು ಅಂದರು ಶ್ರೀಕಂಠಣ್ಣ. ಕೆಳಗಿನ ಬಂಡೆಯ ಬಿಸಿ 60 ಡಿಗ್ರಿ ದಾಟುವುದರಿಂದ ಮೇಲಿಂದ ಮಂಜುಗಡ್ಡೆ ಇಳಿಸುತ್ತಾರಂತೆ. "ಮಂಜುಗಡ್ಡೆ ಕೊಟ್ಟಿದ್ದರೆ ನಾವೂ ಇಳಿಯುತ್ತಿದ್ದೆವು," ಅಂದ ಸೆಲ್ವ.

1886ರಲ್ಲಿ ಚಿನ್ನ ಸಿಕ್ಕಿತು ಅಂತ ಬೆಳೆದ ಆ ಊರಿಗೆ ದೊಡ್ಡ ಹೊಳೆಯಿಲ್ಲ. ಪಕ್ಕದ ಲೆಸೊಥೊ ದೇಶದ ಬೆಟ್ಟಗಳಲ್ಲಿ ಅಣೆಕಟ್ಟು ಕಟ್ಟಿ, ಸುರಂಗ ಕೊರೆದು ಆ ಸೀಮೆಗೆ ನೀರು ತರುತ್ತಾರೆ. ಬೇರೆ ದೇಶದಿಂದ! ನಮಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆ ಒಂದೇ ರಾಜ್ಯದೊಳಗಿದೆ. ಆ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಕಾಫಿ ಕುಡಿದೆವು.

ಕೊನೆಗೆ ಕ್ರೂಗರ್ ಕಾಡು. ನಮ್ಮ ಜಿಲ್ಲೆಯಂಥವು ಹೆಚ್ಚುಕಡಿಮೆ ಐದು ಹಿಡಿಸುತ್ತವೆ. ಆನೆ ಅಂದ ಕೂಡಲೇ ಸೆಲ್ವ, ಕಾಮಸಮುದ್ರಕ್ಕೆ ಬನ್ನಿ, ಟಿಕೆಟ್ಟಿಲ್ಲದೆ ರಾಗಿ ಹೊಲದಲ್ಲೇ ತೋರಿಸುತ್ತೇನೆ ಅಂದ. ಅಕ್ಕ ಬಿಡಲಿಲ್ಲ. "ಅಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ ಕಣಪ್ಪ. ಕಿವಿ ನೋಡಬೇಕು! ನೀರಿನ ಗುಂಡಿ ಹತ್ತಿರ ಜೀಪು ನಿಲ್ಲಿಸಿಕೊಂಡು ಕೂತಿದ್ದೆವು. ಸಿಂಹ ಬಂತು..."

"ಆ ಗುಂಡಿಗೆ ನೀರು ಎಲ್ಲಿಂದ?" ನಾಗಣ್ಣ.

"ಬೋರ್‌ವೆಲ್," ಅಂದರು ಶ್ರೀಕಂಠಣ್ಣ. "ಪ್ರಾಣಿಗಳಿಗೆ ಅಂತ ಹಿಂದೆ ನೂರಾರು ಕೊರೆಸಿದ್ದರು. ನೀರು ಜಾಸ್ತಿಯಾಗಿ ಪ್ರಾಣಿಗಳು ಅಲ್ಲಲ್ಲೇ ನಿಂತು ಹುಲ್ಲೆಲ್ಲ ಖಾಲಿ ಮಾಡಿದವು. ಅದಕ್ಕೆ ಎಷ್ಟೋ ಮುಚ್ಚಿಬಿಟ್ಟರು."

"ನೀರು ಇದ್ದ ಬೋರ್‌ವೆಲ್ ಮುಚ್ಚಿದರಾ?" ನಾಗಣ್ಣ ಎದ್ದೇ ನಿಂತ.

"ಸಿಂಹ ಬಂತು ಅಂತ ಹೇಳುತ್ತಿದ್ದೆ..." ಅಂದರು ಸರೋಜಕ್ಕ.

"ಸಿಂಹ ಇರಲಿ ಅಕ್ಕ. ಆ ಮೋಟರ್‌ಗಳನ್ನು ಏನು ಮಾಡಿದರಂತೆ? ಮಾರುತ್ತಾರಾ?"