ಅಪ್‌ಡೇಟ್: ಅಪ್ಪನ ಪದ್ಮಿನಿಯ ಬ್ರೇಕ್ ಈಗ ಗಟ್ಟಿಯಾಗಿ ಹಿಡೀತಿದೆ

ಪ್ರಶ್ನೆ ಮರೆತವರಿಗೆ: ಕುವೆಂಪುನಗರದ ನಮ್ಮ ಮನೆಯಲ್ಲೇ ಅಪ್ಪನ ಹಳೇ ಪ್ರೀಮಿಯರ್ ಪದ್ಮಿನಿ ಸರಿಮಾಡ್ತಿದ್ದೀನಿ. ಎಡಗಡೆ ಹಿಂದಿನ ಚಕ್ರದಲ್ಲಿ ಬ್ರೇಕ್ ಆಯಿಲ್ ಸೋರ್ತಿತ್ತು. ಚಕ್ರದ ಒಳಗೆ ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸೋ ವೀಲ್ ಸಿಲಿಂಡರಿಗೆ ರಬ್ಬರ್ ಕಿಟ್ (ಒಳಗಿನ ರಬ್ಬರ್ ಸೀಲ್‌ಗಳು) ಹಾಕಿದರೆ ಸಾಕಾ, ಸಿಲಿಂಡರ್ರೇ ಹೊಸದು ಬೇಕಾ ಅಂತ ಕೇಳಿದ್ದೆ.

ಬ್ರೇಕ್ ಮುಚ್ಚಿರೋ ಡ್ರಮ್ ಬಿಚ್ಚಿದ ಮೇಲೆ ಉತ್ತರ ಸಿಕ್ತು. ಪಿಸ್ಟನ್ ತೆಗೆದು, ಸಿಲಿಂಡರ್ ಒಳಗೆ ಸ್ಪಿರಿಟ್‌ನಲ್ಲಿ ಒರೆಸಿ ಟಾರ್ಚ್ ಬಿಟ್ಟರೆ, ಒಂದು ಕಡೆ ಪೂರ್ತಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿ. ಕಿರುಬೆರಳಿಗೆ ತರಿತರಿಯಾಗಿ ಸಿಗ್ತಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಗಾಡಿ ವರ್ಷಗಟ್ಟಲೆ ನಿಂತರೆ ಆ ನೀರೇ ಒಳಗಿಂದ ಕಬ್ಬಿಣ ತಿನ್ನೋದು. ಅದರ ಮೇಲೆ ಎಷ್ಟೇ ಒಳ್ಳೇ ರಬ್ಬರ್ ಹಾಕಿದರೂ ಬೇಗ ಹರಿದು ಹೋಗುತ್ತೆ. ಕಿಟ್ ಸಾಕು ಅಂದವರ ಮಾತು ನುಣುಪಾಗಿರೋ ಸಿಲಿಂಡರಿಗೆ ಸರಿ, ಇದಕ್ಕಲ್ಲ.

ಹಿಂದಿನ ಎರಡೂ ಸಿಲಿಂಡರ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಆಯಿಲ್ ಕುಡಿದ ಬ್ರೇಕ್ ಶೂ (ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸೋ ಭಾಗ) ಎಷ್ಟು ತೊಳೆದರೂ ನಂಬೋ ಹಾಗಿಲ್ಲ, ಅವೂ ಎರಡೂ ಕಡೆ ಹೊಸವು. ಒಂದೇ ಕಡೆ ಬದಲಾಯಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತೆ. ದಯವಿಟ್ಟು ಯಾರೂ ಸಿಲಿಂಡರಿನ ರಬ್ಬರ್‌ಗಳನ್ನ ಪೆಟ್ರೋಲ್‌ನಲ್ಲಿ ತೊಳೀಬೇಡಿ, ಊದಿಕೊಳ್ಳುತ್ತವೆ.

ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯೋಕೆ ತಮ್ಮ ಪೆಡಲ್ ಒತ್ತಿದ, ನಾನು ನಿಪ್ಪಲ್ (ಗಾಳಿ ಬಿಡೋ ಸಣ್ಣ ತಿರುಪು) ಬಿಚ್ಚಿ ಮುಚ್ಚಿದೆ. ಗುಳ್ಳೆ ನಿಂತ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ! ಖಾಲಿ ರಸ್ತೆಯಲ್ಲಿ ನೋಡಿ, ಆಮೇಲೆ ಚಾಮುಂಡಿ ಬೆಟ್ಟ ಇಳಿಸಿದೆ, ಎರಡನೇ ಗೇರ್‌ನಲ್ಲೇ. ನೇರವಾಗಿ ನಿಲ್ತು, ಸೋರಿಕೆ ಇಲ್ಲ.

ಮುಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯೋ ರಬ್ಬರ್ ಹೋಸ್ ಬಿರುಕು ಬಿಟ್ಟಿವೆ. ಅವು ಬರೋವರೆಗೂ ಗಾಡಿ ಶೆಡ್ಡಲ್ಲೇ.