ಶುಗರ್ ಬಂದ ಮೇಲೆ ನಿಮಿರುವಿಕೆ ತೊಂದರೆ: ಅನುಭವ ಇದ್ದವರು ಹೇಳ್ತೀರಾ?

ಪ್ರಶ್ನೆ: ವಯಸ್ಸು 46. ಟೈಪ್ 2 ಶುಗರ್ ಬಂದು ಏಳೆಂಟು ವರ್ಷವಾಯಿತು. ಈಚೆಗೆ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ, ಆದಾಗಲೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆಸೆಗೇನೂ ಕೊರತೆಯಿಲ್ಲ. ನನ್ನ ಕಸಿನ್‌ಗೆ ಚಿಕ್ಕಂದಿನಿಂದ ಟೈಪ್ 1, ಅವನಿಗೆ ಏನೂ ತೊಂದರೆ ಇಲ್ಲವಂತೆ. ಹಾಗಾದರೆ ನನ್ನದು ಬರೀ ಮನಸ್ಸಿನದಾ? ಮೆಡಿಕಲ್‌ನಲ್ಲಿ ಸುಮ್ನೆ ಮಾತ್ರೆ ತಗೊಂಡರೆ ಆಗುತ್ತಾ? ಡಾಕ್ಟರ್ ಹತ್ತಿರ ಕೇಳಲು ನಾಚಿಕೆ.

ಮೈಸೂರಿನಿಂದ: ಸರ್, ನನಗೂ ಟೈಪ್ 2. ಮೊದಲು ಒಂದು ಗಮನಿಸಿ. ಬೆಳಗ್ಗೆ ಏಳುವಾಗ ತಾನಾಗಿ ನಿಮಿರುತ್ತಾ? ಅದು ಚೆನ್ನಾಗಿದ್ದು, ಹೆಂಡತಿ ಜೊತೆ ಇರುವಾಗ ಮಾತ್ರ ಕೈಕೊಟ್ಟರೆ ಟೆನ್ಶನ್‌ನ ಪಾಲು ಜಾಸ್ತಿ. ಬೆಳಗಿನದೂ ನಿಧಾನವಾಗಿ ಕಮ್ಮಿಯಾಗಿದ್ದರೆ ರಕ್ತನಾಳ, ನರಗಳ ಕಡೆ ನೋಡಬೇಕು. ನನ್ನದು ಎರಡನೆಯದು. ಆಮೇಲೆ ‘ಇವತ್ತೂ ಆಗದಿದ್ದರೆ?’ ಅನ್ನುವ ಭಯವೂ ಸೇರಿಕೊಂಡಿತು.

ಡಾಕ್ಟರ್ ವಿವರಿಸಿದ್ದು ಹೀಗೆ. ಆಸೆಯಾದಾಗ ನರಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಬರಬೇಕು. ಆಗ ನಾಳ ಸಡಿಲವಾಗಿ ರಕ್ತ ತುಂಬುತ್ತದೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಎರಡಕ್ಕೂ ಪೆಟ್ಟು. ಶಿಶ್ನದ ರಕ್ತನಾಳ 1–2 ಮಿ.ಮೀ., ಹೃದಯದ್ದು 3–4 ಮಿ.ಮೀ. ಸಣ್ಣದರಲ್ಲಿ ತೊಂದರೆ ಮೊದಲು ಕಾಣುತ್ತೆ, ಅಷ್ಟೇ. ಅದಕ್ಕೇ ಅವರು ಮಾತ್ರೆಗಿಂತ ಮೊದಲು ಇಸಿಜಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ), ಲಿಪಿಡ್ (ಕೊಲೆಸ್ಟ್ರಾಲ್ ಪರೀಕ್ಷೆ) ಬರೆದರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ಕೇಳಿದರೆ, ಹೃದಯದ ಬಗ್ಗೆ ಒಂದು ಮಾತೂ ಕೇಳದೆ ಮಾತ್ರೆ ಬರೆಯುವವರ ಹತ್ತಿರ ಹೋಗಲೇಬೇಡಿ ಅಂತೀನಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟಿರೋನ್ ಕೂಡ ಮಾಡಿಸಿ. ಹೊಟ್ಟೆ ಬಂದಿರುವ ಟೈಪ್ 2 ಗಂಡಸರಲ್ಲಿ ಅದು ಕಮ್ಮಿ ಇರುವುದು ಅಪರೂಪವೇನಲ್ಲ.

ಹುಬ್ಬಳ್ಳಿಯಿಂದ, ಟೈಪ್ 1: ಕಸಿನ್‌ಗೆ ‘ಇಲ್ಲವಂತೆ’ ಅಂದಿರಿ. ಇದ್ದರೂ ಯಾರು ತಾನೇ ಹೇಳ್ತಾರೆ, ಅಲ್ವಾ? 2017ರಲ್ಲಿ 145 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೈಪ್ 1 ಗಂಡಸರಲ್ಲಿ ಸುಮಾರು 37%, ಟೈಪ್ 2 ಇರುವವರಲ್ಲಿ ಸುಮಾರು 66% ಜನರಿಗೆ ಈ ತೊಂದರೆ ಕಂಡಿತ್ತು. ಟೈಪ್ 2 ಬರುವುದೇ ಸಾಮಾನ್ಯವಾಗಿ ವಯಸ್ಸಾದ ಮೇಲೆ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್. ಗೊತ್ತಾಗುವ ಮೊದಲೇ ಶುಗರ್ ಒಳಗೊಳಗೇ ಇದ್ದಿರುತ್ತೆ. ನಮ್ಮದು ಹಾಗಲ್ಲ. ಎಷ್ಟು ವರ್ಷದಿಂದ ಇದೆ, ಕಂಟ್ರೋಲ್ ಹೇಗಿತ್ತು, ಕಣ್ಣು ಕಿಡ್ನಿ ಪಾದ ಹೇಗಿವೆ ಅನ್ನುವುದರ ಮೇಲೆ ನಿಂತಿದೆ. ನನಗೆ ಪಾದ ಜೋಮು ಹಿಡಿಯಲು ಶುರುವಾದ ಕಾಲಕ್ಕೇ ಇದೂ ಬಂತು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಇನ್ಸುಲಿನ್ ತಗೊಳ್ಳುವವರಿಗೆ ಮಿಲನವೂ ಒಂದು ವ್ಯಾಯಾಮವೇ. ನಡುವೆ ಬೆವರು, ನಡುಕ, ಸುಸ್ತು ಬಂದರೆ ಶುಗರ್ ಇಳಿದಿರಬಹುದು. ಮೊದಲೇ ಚೆಕ್ ಮಾಡಿಕೊಳ್ಳಿ, ಗ್ಲೂಕೋಸ್ ಮಂಚದ ಪಕ್ಕದಲ್ಲೇ ಇರಲಿ. ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದೂ ನರದ ತೊಂದರೆಯೇ. ಮಕ್ಕಳು ಬೇಕು ಅನ್ನುವವರು ಇದನ್ನು ಬಾಯಿಬಿಟ್ಟು ಹೇಳಿ.

ತುಮಕೂರಿನಿಂದ, ಮೆಡಿಕಲ್ ಶಾಪ್ ನಡೆಸುತ್ತೇನೆ: ಸುಮ್ನೆ ತಗೊಳ್ಳಬೇಡಿ ಸರ್. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಡಾಕ್ಟರ್ ಚೀಟಿ ಇದ್ದರೇ ಕೊಡಬೇಕಾದ ಔಷಧಿಗಳು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ಜೊತೆ ಇವು ಸೇರಿದರೆ ಬಿಪಿ ಧಡಕ್ಕನೆ ಕುಸಿದು ಪ್ರಾಣಕ್ಕೇ ಕುತ್ತು. ಮಾತ್ರೆ ತಗೊಂಡ ರಾತ್ರಿ ಎದೆನೋವು ಬಂತು ಅಂದುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತೇ ಇದು. ನಾಚಿಕೆಪಟ್ಟರೆ ಅವರು ನೈಟ್ರೇಟ್ ಕೊಟ್ಟುಬಿಡುತ್ತಾರೆ. ಪ್ರೊಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗುವವರೂ ಡಾಕ್ಟರ್‌ಗೆ ತಿಳಿಸಿ.

‘ಮಾತ್ರೆ ಕೆಲಸ ಮಾಡಲಿಲ್ಲ’ ಅಂತ ಬರುವವರಲ್ಲಿ ಎಷ್ಟೋ ಜನ ಬಿರಿಯಾನಿ ಹೊಡೆದು ಸಿಲ್ಡೆನಾಫಿಲ್ ನುಂಗಿರುತ್ತಾರೆ! ಜಿಡ್ಡಿನ ಊಟವಾದ ಮೇಲೆ ಅದು ತಡವಾಗಿ, ಕಮ್ಮಿ ಹತ್ತುತ್ತೆ. ಖಾಲಿ ಹೊಟ್ಟೆಯಲ್ಲಿ ಸುಮಾರು ಒಂದು ಗಂಟೆ ಮೊದಲು ತಗೊಳ್ಳಬೇಕು. ಆಸೆ, ಸ್ಪರ್ಶ ಇಲ್ಲದೆ ಅದೂ ಏನೂ ಮಾಡದು. ಟಡಾಲಾಫಿಲ್‌ಗೆ ಊಟದ ತೊಡಕಿಲ್ಲ, 36 ಗಂಟೆವರೆಗೂ ಇರುತ್ತೆ. ಶುಗರ್ ಇದ್ದವರಿಗೆ ಈ ಮಾತ್ರೆಗಳು ಉಳಿದವರಿಗಿಂತ ಸ್ವಲ್ಪ ಕಮ್ಮಿಯೇ ಕೆಲಸ ಮಾಡುತ್ತವೆ. ಡೋಸ್ ಬದಲಿಸುವುದು ಡಾಕ್ಟರ್ ಕೆಲಸ. ಆಗದಿದ್ದರೆ ವ್ಯಾಕ್ಯೂಮ್ ಪಂಪ್, ಶಿಶ್ನಕ್ಕೆ ಕೊಡುವ ಇಂಜೆಕ್ಷನ್, ಕೊನೆಗೆ ಆಪರೇಷನ್ ಮಾಡಿ ಒಳಗೆ ಕೂರಿಸುವ ಇಂಪ್ಲಾಂಟ್ ಇವೆ. ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ ಜಾಹೀರಾತು ಬೇಡ. ‘ಬರೀ ಗಿಡಮೂಲಿಕೆ’ ಅಂತ ಮಾರುವ ಪುಡಿ, ಮಾತ್ರೆಗಳಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ.

ಶಿವಮೊಗ್ಗದಿಂದ: ಅಣ್ಣಾ, ಹೆಂಡತಿಗೆ ಹೇಳಿದ್ದೀರಾ? ನಮ್ಮ ಯಜಮಾನರು ಹೇಳದೆ ದೂರ ಮಲಗುತ್ತಿದ್ದರು. ನಾನೋ, ನನ್ನ ಮೇಲೆ ಮನಸ್ಸಿಲ್ಲ ಅಂತ ಅಳುತ್ತಿದ್ದೆ. ಆಮೇಲೆ ಡಾಕ್ಟರ್ ಹತ್ತಿರ ಬಾಯಿ ತೆಗೆದವಳು ನಾನೇ. ‘ಶುಗರ್ ಬಂದ ಮೇಲೆ ಇವರಿಗೆ ಗಂಡ-ಹೆಂಡತಿ ವಿಷಯದಲ್ಲಿ ತೊಂದರೆ’ ಅಂದೆ. ಅವರು ಮುಖ ಕೂಡ ಎತ್ತದೆ ಬರೆದುಕೊಂಡರು. ದಿನಾ ಕೇಳುವ ಮಾತಂತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬಿಪಿಗೆ ಅಟೆನೊಲಾಲ್ ನಡೀತಿದೆ. ಅದರಿಂದಲೂ ಹೀಗಾಗುತ್ತೆ ಅಂತ ಕೇಳಿದ್ದೆ. ನಿಲ್ಲಿಸಿ ನೋಡಲಾ?

ತುಮಕೂರಿನಿಂದ: ಬೇಡವೇ ಬೇಡ. ಆ ಮಾತ್ರೆಯಿಂದ ಕೆಲವರಿಗೆ ಹಾಗಾಗುವುದು ನಿಜ. ಆದರೆ ಅದನ್ನು ತಟ್ಟನೆ ಬಿಟ್ಟರೆ ಬಿಪಿ ಏರಿ ಎದೆನೋವೂ ಬರಬಹುದು. ಬೇರೆ ಬಿಪಿ ಮಾತ್ರೆಗಳಿವೆ, ಬದಲಿಸಿಕೊಡಿ ಅಂತ ಡಾಕ್ಟರ್‌ನ ಕೇಳಿ. ಹೋಗುವಾಗ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ, ಈಚಿನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟೂ ಇರಲಿ.